ರಾಗ ಕೇಳಿದ ಕಿವಿಗೆ ಯಾವ ಆಲ್ಬಮ್?

ಪ್ರಶ್ನೆ: ಸಿನಿಮಾ ಹಾಡು ಮತ್ತು ಒಂದಿಷ್ಟು ಶಾಸ್ತ್ರೀಯ ಸಂಗೀತ ಬಿಟ್ಟರೆ ನಾನು ಬೇರೇನೂ ಕೇಳಿದವಳಲ್ಲ. ಆ್ಯಪ್‌ನಲ್ಲಿ ಬಿಡಿ ಹಾಡು ಕೇಳಿ ಕೇಳಿ ಬೇಜಾರಾಗಿದೆ. ಜಾಜ್, ಬ್ಲೂಸ್, ರಾಕ್, ಹಿಪ್‌ಹಾಪ್, ಎಲೆಕ್ಟ್ರಾನಿಕ್, ಪಾಶ್ಚಾತ್ಯ ಶಾಸ್ತ್ರೀಯ, ಹೀಗೆ ಎಲ್ಲ ಕಡೆಯಿಂದ ಒಂದೆರಡು ಆಲ್ಬಮ್ ಪೂರ್ತಿ ಕೇಳಬೇಕು ಅಂತ ಆಸೆ. 'ಸಾರ್ವಕಾಲಿಕ ಶ್ರೇಷ್ಠ 500' ಥರದ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಅದರಲ್ಲಿ ಮೇಲಿದ್ದ ಕೆಲವನ್ನು ಹಾಕಿಕೊಂಡು ಅರ್ಧಕ್ಕೇ ಬಿಟ್ಟೆ. ಎಲ್ಲಿಂದ ಶುರು ಮಾಡಲಿ? ಹಿಡಿಸದಿದ್ದರೂ ಪೂರ್ತಿ ಕೇಳಬೇಕಾ? ಒಂದೇ ಆಲ್ಬಮ್‌ಗೆ ನಾಲ್ಕೈದು ಆವೃತ್ತಿ ಕಾಣುತ್ತವೆ, ಯಾವುದನ್ನು ಕೇಳಲಿ?

ಉತ್ತರ: ಅರ್ಧಕ್ಕೆ ಬಿಟ್ಟದ್ದಕ್ಕೆ ಬೇಸರ ಬೇಡ. ಆ ಪಟ್ಟಿಗಳನ್ನು ಮಾಡುವವರು ಹೆಚ್ಚಾಗಿ ರಾಕ್ ಮತ್ತು ಪಾಪ್ ಕೇಳಿ ಬೆಳೆದವರು. ರಾಕ್ ಸುಲಭ, ಜಾಜ್ ಕಷ್ಟ ಅನ್ನುವುದು ಅವರ ಕಿವಿಯ ಲೆಕ್ಕ. ರಾಗ, ತಾಳ, ಶ್ರುತಿ ಕೇಳಿ ಪಳಗಿದವರಿಗೆ ಆ ಲೆಕ್ಕ ತಿರುಗುಮುರುಗಾಗುತ್ತದೆ. ಒಂದೇ ಶ್ರುತಿ ಹಿಡಿದು, ಏಳು ಸ್ವರದೊಳಗೆ ಹತ್ತು ನಿಮಿಷ ಮನೋಧರ್ಮ ನಡೆಸುವುದು ನಿಮಗೆ ಹೊಸದಲ್ಲ. ಐದು, ಏಳರ ಎಣಿಕೆಯೂ ಹೊಸದಲ್ಲ. ಹೊಸದು ಅಂದರೆ ಹಾರ್ಮನಿ. ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದು, ಆ ಕಾರ್ಡ್‌ಗಳು ಬದಲಾದ ಹಾಗೆಲ್ಲ ಅದೇ ಸ್ವರಕ್ಕೆ ಬೇರೆ ಬಣ್ಣ ಬರುವುದು. ಸಿನಿಮಾ ಹಾಡಿನಲ್ಲೂ ಕಾರ್ಡ್ ಇರುತ್ತದೆ, ನಿಜ. ಆದರೆ ಅಲ್ಲಿ ನಮ್ಮ ಗಮನವೆಲ್ಲ ಧಾಟಿಯ ಮೇಲೆ. ಕಾರ್ಡ್ ಹಿಂದೆ ಎಲ್ಲೋ ತನ್ನ ಪಾಡಿಗೆ ಇರುತ್ತದೆ.

ಅದಕ್ಕೇ ನನ್ನ ಸಲಹೆ ಇದು. ಕಾರ್ಡ್ ಕಡಿಮೆ ಬದಲಾಗುವ ಆಲ್ಬಮ್‌ಗಳಿಂದ ಶುರು ಮಾಡಿ, ಹಾರ್ಮನಿ ಜಾಸ್ತಿ ಇರುವ ಕಡೆಗೆ ನಿಧಾನಕ್ಕೆ ಹೋಗಿ. ಪ್ರಕಾರದ ಹೆಸರು ಏನು ಅನ್ನುವುದು ಆಮೇಲಿನ ಮಾತು. ಈ ದಾರಿಯಲ್ಲಿ ಹೋದರೆ ಜಾಜ್ ಮೊದಲು ಬರುತ್ತದೆ, ಅರವತ್ತರ ದಶಕದ ಪಾಪ್ ಎಷ್ಟೋ ಆಮೇಲೆ.

ಮೊದಲನೆಯದು ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ', 1959. ಎಲ್ಲ ಪಟ್ಟಿಯಲ್ಲೂ ಇರೋದೇ ಅಲ್ವಾ ಅನ್ನಬೇಡಿ, ನಾನು ಇದನ್ನು ಮುಂದಿಡುವ ಕಾರಣ ಬೇರೆ. ಅದಕ್ಕೂ ಮುಂಚಿನ ಬೀಬಾಪ್ ಜಾಜ್‌ನಲ್ಲಿ ಕಾರ್ಡ್‌ಗಳು ಒಂದರ ಹಿಂದೊಂದು ಓಡುತ್ತಿದ್ದವು. ನುಡಿಸುವವರು ಪ್ರತಿ ಕಾರ್ಡ್‌ಗೂ ಹೊಂದುವ ಸ್ವರ ಹುಡುಕುತ್ತ ಅದರ ಬೆನ್ನು ಹತ್ತಬೇಕಿತ್ತು. ಮೈಲ್ಸ್ ಈ ಓಟವನ್ನು ನಿಲ್ಲಿಸಿದರು. ಒಂದು ಸ್ವರಶ್ರೇಣಿ ಕೊಟ್ಟು, ಇದರೊಳಗೆ ನಿಮಗೆ ತೋಚಿದ್ದು ನುಡಿಸಿ ಎಂದರು. ಮೊದಲ ಹಾಡು 'ಸೋ ವಾಟ್' ತೆಗೆದುಕೊಳ್ಳಿ. ಅದು 32 ಬಾರ್‌ನ ಹಾಡು. ಬಾರ್ ಅಂದರೆ ಇಲ್ಲಿ ನಾಲ್ಕು ಎಣಿಕೆಯ ಒಂದು ಸುತ್ತು. ಮೊದಲ 16 ಬಾರ್ ಡೋರಿಯನ್ ಮೋಡ್‌ನಲ್ಲಿದೆ. ನಮ್ಮ ಲೆಕ್ಕದಲ್ಲಿ ಅವು ಖರಹರಪ್ರಿಯದ ಸ್ವರಗಳು. ಮುಂದಿನ 8 ಬಾರ್‌ನಲ್ಲಿ ಅದೇ ಖರಹರಪ್ರಿಯ, ಆದರೆ ಷಡ್ಜವೇ ಅರ್ಧ ಸ್ವರ ಮೇಲಕ್ಕೆ ಹೋಗಿರುತ್ತದೆ. ಕೊನೆಯ 8 ಬಾರ್‌ನಲ್ಲಿ ಮತ್ತೆ ಮೊದಲಿನ ಜಾಗಕ್ಕೆ ವಾಪಸ್. ಹಾಡಿನ ಕಟ್ಟಡ ಇಷ್ಟೇ.

ಮೊದಲ ಸಲ ಕೇಳುವಾಗ ಆ ಷಡ್ಜ ಎಲ್ಲಿ ಏರಿತು, ಎಲ್ಲಿ ಇಳಿಯಿತು ಅನ್ನುವುದನ್ನಷ್ಟೇ ಹಿಡಿಯಿರಿ. ಎರಡನೇ ಸಲಕ್ಕೆ ಮೂವರು ಊದುವವರನ್ನು ಬೇರೆ ಬೇರೆ ಮಾಡಿಕೊಳ್ಳಿ. ಮೊದಲು ಮೈಲ್ಸ್ ಟ್ರಂಪೆಟ್. ಸ್ವರ ಕಡಿಮೆ, ನಡುವೆ ಬಿಡುವು ಜಾಸ್ತಿ. ಆಮೇಲೆ ಜಾನ್ ಕೋಲ್ಟ್ರೇನ್ ಸ್ಯಾಕ್ಸೊಫೋನ್, ಎಲ್ಲ ಸ್ವರವನ್ನೂ ಕೆದಕಿ ನೋಡುವ ತವಕ. ಮೂರನೆಯವರು ಕ್ಯಾನನ್‌ಬಾಲ್ ಆ್ಯಡರ್ಲಿ, ಅವರದ್ದು ನಗುಮುಖದ ಬ್ಲೂಸ್. ಒಂದೇ ರಾಗವನ್ನು ಮೂವರು ವಿದ್ವಾಂಸರ ಕೈಯಲ್ಲಿ ಕೇಳಿದವರಿಗೆ ಈ ಆಟ ತಟ್ಟನೆ ಅರ್ಥವಾಗುತ್ತದೆ. ಗಮಕ ಮಾತ್ರ ಹುಡುಕಬೇಡಿ, ಸಿಗುವುದಿಲ್ಲ.

ಕೊನೆಯ ಹಾಡು 'ಫ್ಲಮೆಂಕೊ ಸ್ಕೆಚಸ್' ಇನ್ನೂ ಹತ್ತಿರದ್ದು. ಐದು ಸ್ವರಶ್ರೇಣಿಗಳು ಸಾಲಾಗಿ ಬರುತ್ತವೆ. ಒಂದೊಂದರಲ್ಲಿ ಎಷ್ಟು ಹೊತ್ತು ಇರಬೇಕು ಅನ್ನುವುದು ನುಡಿಸುವವರ ಇಷ್ಟ. ರಾಗಮಾಲಿಕೆ ಅಂದುಕೊಂಡು ಕೇಳಿ ನೋಡಿ. ಇಡೀ ಆಲ್ಬಮ್ ಎರಡೇ ದಿನದಲ್ಲಿ ಧ್ವನಿಮುದ್ರಣವಾಯಿತು, ಮಾರ್ಚ್ 2 ಮತ್ತು ಏಪ್ರಿಲ್ 22. ಪಿಯಾನೊ ನುಡಿಸಿದ ಬಿಲ್ ಎವನ್ಸ್ ಕವರ್ ಮೇಲಿನ ಟಿಪ್ಪಣಿಯಲ್ಲಿ ಹೇಳುವಂತೆ, ಮೈಲ್ಸ್ ಇವುಗಳ ರೂಪುರೇಷೆ ತಂದದ್ದೇ ಧ್ವನಿಮುದ್ರಣಕ್ಕೆ ಕೆಲವು ಗಂಟೆ ಮುಂಚೆ. ಒಂದು ತಮಾಷೆಯ ಸಂಗತಿಯೂ ಇದೆ. ಮೊದಲ ದಿನ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡಿತ್ತು. ಹಾಗಾಗಿ ಮಾಮೂಲಿ ವೇಗದಲ್ಲಿ ಹಾಕಿದಾಗ ಎಲ್‌ಪಿ ತಟ್ಟೆಯ ಮೊದಲ ಬದಿಯ ಮೂರು ಹಾಡುಗಳು ದಶಕಗಳ ಕಾಲ ಇರಬೇಕಾದ ಶ್ರುತಿಗಿಂತ ತುಸು ಮೇಲೆಯೇ ಕೇಳಿಸುತ್ತಿದ್ದವು. 1990ರ ದಶಕದ ಮರುಮುದ್ರಣಗಳಲ್ಲಿ ಅದನ್ನು ಸರಿಪಡಿಸಿದರು. ಶ್ರುತಿಶುದ್ಧಿಯ ಬಗ್ಗೆ ನಮ್ಮವರು ಎಷ್ಟು ಕಟ್ಟುನಿಟ್ಟು ಅಂತ ನೆನೆದರೆ ನಗು ಬರುತ್ತದೆ.

ಅದೇ ವರ್ಷ, ಅದೇ ಸ್ಟುಡಿಯೊದಲ್ಲಿ ಮುದ್ರಣವಾದದ್ದು ಡೇವ್ ಬ್ರೂಬೆಕ್ ತಂಡದ 'ಟೈಮ್ ಔಟ್'. ಇದನ್ನು ತಾಳ ಹಾಕಿಕೊಂಡೇ ಕೇಳಬೇಕು. 'ಬ್ಲೂ ರೊಂಡೊ ಆಲಾ ಟರ್ಕ್' ಅನ್ನುವ ಮೊದಲ ಹಾಡಿನಲ್ಲಿ ಒಂಬತ್ತರ ಎಣಿಕೆ. ಬ್ರೂಬೆಕ್ ಈ ಲಯವನ್ನು ಟರ್ಕಿಯ ಬೀದಿ ವಾದ್ಯಗಾರರಿಂದ ಕೇಳಿ ತಂದರು. 'ತಕ ತಕ ತಕ ತಕಿಟ' ಅಂತ ಮೂರು ಸಲ ಹೇಳಿ, ನಾಲ್ಕನೇ ಸಲ 'ತಕಿಟ ತಕಿಟ ತಕಿಟ' ಅನ್ನಿ. ಪಿಯಾನೊ ಜೊತೆ ಸರಿಯಾಗಿ ಕೂರುತ್ತದೆ. ಪ್ರಸಿದ್ಧವಾದ 'ಟೇಕ್ ಫೈವ್' ಐದರ ಎಣಿಕೆ. ನಮ್ಮ ಖಂಡ ಚಾಪಿನಲ್ಲಿ ಎರಡು ಮತ್ತು ಮೂರು, ಇಲ್ಲಿ ಮೊದಲು ಮೂರು, ಆಮೇಲೆ ಎರಡು. ಅದನ್ನು ಬರೆದದ್ದು ಬ್ರೂಬೆಕ್ ಅಲ್ಲ, ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್. ಜೋ ಮೊರೆಲ್ಲೊ ಅವರ ಡ್ರಮ್ ಸೋಲೊ ಬಂದಾಗ ಪಿಯಾನೊ ಹಿಂದೆ ಅದೇ ಐದನ್ನು ಹಿಡಿದುಕೊಂಡಿರುತ್ತದೆ, ತನಿ ಆವರ್ತನಕ್ಕೆ ಕೈಯಲ್ಲಿ ತಾಳ ಹಾಕಿ ಕೊಡುವವರ ಹಾಗೆ.

ಈ ಎರಡು ಒಗ್ಗಿದ ಮೇಲೆ ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಮ್'. 1964ರ ಡಿಸೆಂಬರ್ 9ರಂದು ಧ್ವನಿಮುದ್ರಣ, 1965ರಲ್ಲಿ ಬಿಡುಗಡೆ. ಬರೀ 33 ನಿಮಿಷ, ನಾಲ್ಕು ಭಾಗ. ಮಂದ್ರದ ತಂತಿವಾದ್ಯ ಬಾಸ್ ಶುರುವಿನಲ್ಲೇ ನಾಲ್ಕು ಸ್ವರದ ಒಂದು ತುಣುಕು ಹಿಡಿಯುತ್ತದೆ. ಕೋಲ್ಟ್ರೇನ್ ಅದನ್ನು ಎತ್ತಿಕೊಂಡು ಎಲ್ಲ ಶ್ರುತಿಯಲ್ಲೂ ನುಡಿಸುತ್ತ ಹೋಗುತ್ತಾರೆ. ಕೊನೆಯ ಭಾಗದಲ್ಲಿ ಹಾಡುವವರು ಯಾರೂ ಇಲ್ಲ, ಆದರೂ ಸಾಹಿತ್ಯ ಇದೆ! ಕವರ್ ಮೇಲೆ ಅಚ್ಚಾದ ತಮ್ಮದೇ ಪ್ರಾರ್ಥನಾ ಪದ್ಯವನ್ನು ಅವರು ಮಾತು ಮಾತಾಗಿ ಸ್ಯಾಕ್ಸೊಫೋನ್‌ನಲ್ಲಿ ನುಡಿಸಿದ್ದಾರೆ. ಪದ್ಯವನ್ನು ಎದುರಿಗೆ ಇಟ್ಟುಕೊಂಡು ಕೇಳಿ. ಪಿಟೀಲಿನಲ್ಲಿ ಕೀರ್ತನೆಯ ಸಾಹಿತ್ಯ ಕೇಳಿಸಿಕೊಳ್ಳುವ ಅಭ್ಯಾಸ ಇರುವವರಿಗೆ ಇದು ಎಷ್ಟು ಸಹಜ ಅನ್ನಿಸುತ್ತದೆ ನೋಡಿ. ಕೋಲ್ಟ್ರೇನ್‌ಗೆ ಪಂಡಿತ್ ರವಿಶಂಕರ್ ಅಂದರೆ ಅಪಾರ ಗೌರವ, ಮಗನಿಗೆ ರವಿ ಅಂತಲೇ ಹೆಸರಿಟ್ಟರು.

ಗಮಕ ಇಲ್ಲದೆ ಬಾಯಿ ಒಣಗಿತು ಅನ್ನಿಸಿದರೆ ಬ್ಲೂಸ್‌ಗೆ ಬನ್ನಿ. ಬ್ಲೂಸ್‌ನ ಜೀವ ಇರುವುದೇ ಸ್ವರಗಳ ನಡುವಿನ ಜಾಗದಲ್ಲಿ. ಸಾಧಾರಣ ಗಾಂಧಾರ ಮತ್ತು ಅಂತರ ಗಾಂಧಾರದ ಮಧ್ಯೆ ತಂತಿಯನ್ನು ಎಳೆದು ನಿಲ್ಲಿಸುತ್ತಾರೆ. ಪಿಯಾನೊದಲ್ಲಿ ಆ ಸ್ವರಕ್ಕೆ ಕೀಲಿಯೇ ಇಲ್ಲ. ಬಿ. ಬಿ. ಕಿಂಗ್ ಅವರ 'ಲೈವ್ ಅಟ್ ದ ರೀಗಲ್' ಕೇಳಿ. 1964ರ ನವೆಂಬರ್‌ನಲ್ಲಿ ಷಿಕಾಗೊದ ರಂಗಮಂದಿರವೊಂದರಲ್ಲಿ ನೇರ ಮುದ್ರಣ. ಕಿಂಗ್ ಹಾಡುವಾಗ ಗಿಟಾರ್ ಸುಮ್ಮನಿರುತ್ತದೆ. ಅವರು ನಿಲ್ಲಿಸಿದ ಕೂಡಲೇ ಅದು ಉತ್ತರ ಕೊಡುತ್ತದೆ. ಸಭಿಕರ ಕೇಕೆಯೂ ವಾದ್ಯದಂತೆಯೇ ಬೆರೆತಿದೆ. 1936 ಮತ್ತು 37ರಲ್ಲಿ ಧ್ವನಿಮುದ್ರಣ ಮಾಡಿದ ರಾಬರ್ಟ್ ಜಾನ್ಸನ್ ಅವರ ಹಾಡುಗಳು ಇನ್ನೂ ಆಳದವು, ಆದರೆ ಸದ್ದು ಬಹಳ ಹಳೆಯದು. ಅವು ಎರಡನೇ ಸುತ್ತಿಗಿರಲಿ.

ಇಲ್ಲಿಂದ ಆಫ್ರಿಕಾಕ್ಕೆ ಒಂದೇ ಹೆಜ್ಜೆ. ಮಾಲಿ ದೇಶದ ಅಲಿ ಫರ್ಕಾ ತೂರೆ ಗಿಟಾರ್, ತುಮಾನಿ ಜಬಾತೆ 21 ತಂತಿಯ ಕೋರಾ. ಇಬ್ಬರೂ ಜೊತೆಗೆ ಕೂತು ನುಡಿಸಿದ 'ಇನ್ ದ ಹಾರ್ಟ್ ಆಫ್ ದ ಮೂನ್' 2005ರದ್ದು. ಕೆಳಗೆ ಗಿಟಾರ್ ಒಂದೇ ಸುತ್ತನ್ನು ಸುತ್ತುತ್ತಲೇ ಇರುತ್ತದೆ, ಮೇಲೆ ಕೋರಾ ಬಿರ್ಕಾಗಳನ್ನು ಸುರಿಯುತ್ತದೆ. ಎಲ್ಲರಿಗೂ ಕಣ್ಣು ಮುಚ್ಚಿ ಕೊಡಬಹುದಾದ ಆಲ್ಬಮ್ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಇದರ ತದ್ವಿರುದ್ಧ ನೈಜೀರಿಯಾದ ಫೆಲಾ ಕುಟಿ ಅವರ 'ಜಾಂಬಿ', 1976. ಹೇಳಿದ್ದನ್ನು ತಲೆ ಉಪಯೋಗಿಸದೆ ಮಾಡುವ ಸೈನಿಕರನ್ನು ಆಡಿಕೊಳ್ಳುವ ಹಾಡು ಅದು. ಹನ್ನೆರಡು ನಿಮಿಷ, ಟೋನಿ ಆ್ಯಲನ್ ಅವರ ಡ್ರಮ್ಸ್ ಎಲ್ಲೂ ಸಡಿಲ ಬಿಡುವುದಿಲ್ಲ. 1977ರ ಫೆಬ್ರವರಿಯಲ್ಲಿ ಸೈನಿಕರು ಫೆಲಾ ವಾಸದ ಆವರಣಕ್ಕೆ ನುಗ್ಗಿ ಸುಟ್ಟರು. ಕಿಟಕಿಯಿಂದ ಎಸೆಯಲ್ಪಟ್ಟ ಅವರ ತಾಯಿ ಮುಂದಿನ ವರ್ಷ ತೀರಿಕೊಂಡರು.

ನಮ್ಮ ಸಂಗೀತಗಾರರದ್ದೇ ಆಲ್ಬಮ್ ಅಂದರೆ ಎರಡು ಹೇಳುತ್ತೇನೆ. 'ಕಾಲ್ ಆಫ್ ದ ವ್ಯಾಲಿ', 1967. ಶಿವಕುಮಾರ್ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾ ಗಿಟಾರ್. ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಬೆಳಗಿನ ಅಹಿರ್ ಭೈರವ್‌ನಿಂದ ರಾತ್ರಿಯ ಪಹಾಡಿವರೆಗೆ ಹೇಳುತ್ತದೆ. ಇಡೀ ಆಲ್ಬಮ್‌ಗೆ ಒಂದೇ ಕಥೆ ಅನ್ನುವ ಕಲ್ಪನೆ ಪಾಶ್ಚಾತ್ಯ ರಾಕ್‌ನಲ್ಲಿ ದೊಡ್ಡ ಸುದ್ದಿಯಾದದ್ದೂ ಅದೇ ವರ್ಷ, ಬೀಟಲ್ಸ್ 'ಸಾರ್ಜೆಂಟ್ ಪೆಪ್ಪರ್ಸ್' ಮೂಲಕ. ನನ್ನನ್ನು ಕೇಳಿದರೆ, ಆ ಮಾತು ಬೀಟಲ್ಸ್‌ಗಿಂತ ಸಂತೂರ್ ಆಲ್ಬಮ್‌ಗೇ ಹೆಚ್ಚು ಒಪ್ಪುತ್ತದೆ. ಇನ್ನೊಂದು 'ಶಕ್ತಿ', 1976. ಜಾನ್ ಮೆಕ್‌ಲಾಫ್ಲಿನ್ ಗಿಟಾರ್, ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಂ ಘಟ, ಆರ್. ರಾಘವನ್ ಮೃದಂಗ. ಮೊದಲ ಹಾಡು 'ಜಾಯ್' 18 ನಿಮಿಷದ್ದು, ಕೇಳಿ ಮುಗಿಸುವಷ್ಟರಲ್ಲಿ ನಿಮಗೇ ಏದುಸಿರು.

ಎಲೆಕ್ಟ್ರಾನಿಕ್ ಸಂಗೀತಕ್ಕೆ ಬಾಗಿಲು ಚರಣ್‌ಜಿತ್ ಸಿಂಗ್. ಸಿನಿಮಾ ಹಾಡು ಕೇಳುವ ನಿಮಗೆ ಈ ಕಥೆ ಇಷ್ಟವಾಗಬಹುದು. ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಇವರು 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303 ಬಾಸ್ ಯಂತ್ರ, ಟಿಆರ್-808 ಡ್ರಮ್ ಯಂತ್ರ, ಒಂದು ಕೀಬೋರ್ಡ್ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿದರು. 'ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್' ಅಂತ ಹೆಸರು. ಆಗ ಯಾರೂ ತಿರುಗಿ ನೋಡಲಿಲ್ಲ. ಕೆಲವು ವರ್ಷಗಳ ನಂತರ ಷಿಕಾಗೊದಲ್ಲಿ ಅದೇ 303 ಯಂತ್ರದಿಂದ ಆ್ಯಸಿಡ್ ಹೌಸ್ ಅನ್ನುವ ಪ್ರಕಾರ ಹುಟ್ಟಿತು. 2010ರಲ್ಲಿ ಈ ಆಲ್ಬಮ್ ಮತ್ತೆ ಬಿಡುಗಡೆಯಾದಾಗ ಕೇಳಿದವರು ಬೆರಗಾದರು. ಭೈರವ್, ತೋಡಿ, ಮಾಲ್‌ಕೌಂಸ್ ಎಲ್ಲ ಇವೆ. ರಾಗಶುದ್ಧಿ ಹುಡುಕುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇದರ ಜೊತೆಗೆ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ 'ಟ್ರಾನ್ಸ್-ಯುರೋಪ್ ಎಕ್ಸ್‌ಪ್ರೆಸ್', 1977. ರೈಲಿನ ಲಯ, ಯಂತ್ರದ ಮುಖ. ಇದರ ಧಾಟಿಯನ್ನೇ ಎತ್ತಿಕೊಂಡು ನ್ಯೂಯಾರ್ಕಿನ ಆಫ್ರಿಕಾ ಬಂಬಾಟಾ 1982ರಲ್ಲಿ 'ಪ್ಲಾನೆಟ್ ರಾಕ್' ಮಾಡಿದರು. ಹಿಪ್‌ಹಾಪ್‌ಗೆ ಯಂತ್ರದ ಸದ್ದು ಬಂದ ದಾರಿಗಳಲ್ಲಿ ಇದು ಮುಖ್ಯವಾದದ್ದು.

ತಾಳ್ಮೆ ಇದ್ದರೆ ಸ್ಟೀವ್ ರೈಕ್ ಅವರ 'ಮ್ಯೂಸಿಕ್ ಫಾರ್ 18 ಮ್ಯುಸಿಷಿಯನ್ಸ್' ಕೇಳಿ. 1978ರಲ್ಲಿ ಬಂದ ಮೊದಲ ಮುದ್ರಣವೇ ಸಾಕು. ಸುಮಾರು ಒಂದು ಗಂಟೆಯ ಸಂಗೀತ, ಹನ್ನೊಂದೇ ಕಾರ್ಡ್. ಶುರುವಿನಲ್ಲಿ ಹನ್ನೊಂದನ್ನೂ ಸಾಲಾಗಿ ತೋರಿಸಿ, ಆಮೇಲೆ ಒಂದೊಂದರ ಮೇಲೆ ನಿಮಿಷಗಟ್ಟಲೆ ನಿಲ್ಲುತ್ತಾರೆ. ರೈಕ್ ಘಾನಾಕ್ಕೆ ಹೋಗಿ ಡ್ರಮ್ ಕಲಿತವರು, ಅದು ಇಲ್ಲಿ ಕೇಳಿಸುತ್ತದೆ. ಬ್ರಯನ್ ಈನೊ ಅವರ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಕೂಡ ಅದೇ 1978ರದ್ದು. ಬೇರೆ ಬೇರೆ ಉದ್ದದ ಟೇಪ್ ಸುರುಳಿಗಳು ತಮ್ಮ ಪಾಡಿಗೆ ಸುತ್ತುತ್ತ, ಪ್ರತಿ ಸಲ ಹೊಸ ಥರ ಸಂಧಿಸುತ್ತವೆ. ಕೆಲಸ ಮಾಡುತ್ತ ಕೇಳಬಹುದಾದ್ದು ಈ ಪಟ್ಟಿಯಲ್ಲಿ ಇದೊಂದೇ. ಈನೊ ಕೂಡ ಅದನ್ನೇ ಬಯಸಿದ್ದರು.

ಈಗ ಹಾರ್ಮನಿ. ಇಲ್ಲಿಂದ ಮುಂದೆ ಸ್ವಲ್ಪ ಗಮನ ಬೇಕು. ಬಾಖ್ ಅವರ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್' ಅನ್ನು ಗ್ಲೆನ್ ಗೂಲ್ಡ್ ಪಿಯಾನೊದಲ್ಲಿ ಎರಡು ಸಲ ಸ್ಟುಡಿಯೊದಲ್ಲಿ ಮುದ್ರಿಸಿದರು. 1955ರಲ್ಲಿ ಒಮ್ಮೆ, 22ರ ಹುಡುಗ. 1981ರಲ್ಲಿ ಇನ್ನೊಮ್ಮೆ. ಎರಡನೆಯದು ಮಾರುಕಟ್ಟೆಗೆ ಬಂದ ಸ್ವಲ್ಪ ದಿನಕ್ಕೇ, 1982ರ ಅಕ್ಟೋಬರ್‌ನಲ್ಲಿ, ತೀರಿಕೊಂಡರು. ಎರಡೂ ಮುದ್ರಣವಾದದ್ದು ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೊದಲ್ಲಿ. ಹಿಂದೆ ಚರ್ಚ್ ಆಗಿದ್ದ ಕಟ್ಟಡ ಅದು. 'ಕೈಂಡ್ ಆಫ್ ಬ್ಲೂ' ಮತ್ತು 'ಟೈಮ್ ಔಟ್' ಮುದ್ರಣವಾದದ್ದೂ ಅಲ್ಲೇ! ಮೊದಲನೆಯದು ಸುಮಾರು 38 ನಿಮಿಷ, ಎರಡನೆಯದು 51. ಅದೇ ಕೃತಿ, ಕಾಲಪ್ರಮಾಣ ಬೇರೆ. ಯಾವುದು ಮೇಲು ಅಂತ ಜಗಳ ಇನ್ನೂ ಮುಗಿದಿಲ್ಲ. ನನ್ನ ಓಟು 1981ಕ್ಕೆ. ಹೊಸಬರಿಗೆ ಪ್ರತಿ ಎಳೆಯೂ ಬಿಡಿಸಿ ಕಾಣುವುದು ಅದರಲ್ಲೇ.

ಕೇಳುವ ಕ್ರಮ ಹೀಗೆ. ಶುರುವಿನಲ್ಲಿ ಒಂದು ಆರಿಯಾ ಬರುತ್ತದೆ, ನಿಧಾನದ ಹಾಡು. ಅದರ ಮೇಲಿನ ಧಾಟಿಯನ್ನು ಮರೆತುಬಿಡಿ. ಮುಂದಿನ 30 ವೇರಿಯೇಷನ್‌ಗಳು ನಿಂತಿರುವುದು ಆ ಧಾಟಿಯ ಮೇಲಲ್ಲ, ಎಡಗೈಯಲ್ಲಿ ಬರುವ ಮಂದ್ರದ ಸಾಲು ಮತ್ತು ಅದರ ಕಾರ್ಡ್‌ಗಳ ಮೇಲೆ. ಎಡಗೈಯನ್ನು ಹಿಂಬಾಲಿಸಿ. ಮೂರಕ್ಕೊಂದು ವೇರಿಯೇಷನ್ ಕ್ಯಾನನ್, ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಸ್ವಲ್ಪ ತಡವಾಗಿ ಹಾಡುತ್ತ ಜೊತೆಗೆ ಸಾಗುವ ಥರ. ಎರಡು ಹಾಡನ್ನು ಒಟ್ಟಿಗೆ ಕೇಳಿಸಿಕೊಳ್ಳುವುದು ಅಭ್ಯಾಸವಾದ ದಿನ ನಿಮಗೆ ಪಾಶ್ಚಾತ್ಯ ಸಂಗೀತದ ಅರ್ಧ ಕಷ್ಟ ಕಳೆಯಿತು. ಹಿನ್ನೆಲೆಯಲ್ಲಿ ಯಾರೋ ಗುನುಗುತ್ತಾರೆ, ಹೆಡ್‌ಫೋನ್ ಕೆಟ್ಟಿದೆ ಅಂದುಕೊಳ್ಳಬೇಡಿ. ಅದು ಗೂಲ್ಡ್ ಅವರೇ. ದೊಡ್ಡ ವಾದ್ಯವೃಂದ ಬೇಕು ಅನ್ನಿಸಿದರೆ ಬೀಥೋವನ್ ಐದನೇ ಸಿಂಫನಿ, ಕಾರ್ಲೋಸ್ ಕ್ಲೈಬರ್ ನಿರ್ದೇಶನದಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದ ನುಡಿಸಿದ್ದು. ಅದಕ್ಕೆ ವಿವರಣೆ ಬೇಕಿಲ್ಲ.

ಗೂಲ್ಡ್ ಆದ ಮೇಲೆ ಬೀಚ್ ಬಾಯ್ಸ್ ತಂಡದ 'ಪೆಟ್ ಸೌಂಡ್ಸ್', 1966. ನೀವು ಅರ್ಧಕ್ಕೆ ಬಿಟ್ಟವುಗಳಲ್ಲಿ ಇದೂ ಇತ್ತು ಅಂತ ನನ್ನ ಊಹೆ. ಪಟ್ಟಿಗಳಲ್ಲಿ ಯಾವಾಗಲೂ ಮೇಲಿರುತ್ತದೆ, ನಮ್ಮ ಕಡೆಯವರಿಗೆ ಯಾಕೆ ಅಂತಲೇ ತಿಳಿಯುವುದಿಲ್ಲ. ಸುಮ್ನೆ ಕೇಳಿದರೆ ಹುಡುಗರ ಪ್ರೇಮಗೀತೆ. 'ಗಾಡ್ ಓನ್ಲಿ ನೋಸ್' ಹಾಡಿಗೆ ಶ್ರುತಿ ಹಿಡಿಯಲು ಪ್ರಯತ್ನಿಸಿ ನೋಡಿ. ಷಡ್ಜ ಎಲ್ಲಿ ಅಂತ ಸುಲಭಕ್ಕೆ ಸಿಗುವುದಿಲ್ಲ. ಬಾಸ್ ಗಿಟಾರ್ ಕಾರ್ಡ್‌ನ ಆಧಾರ ಸ್ವರವನ್ನು ಬಿಟ್ಟು ಬೇಕೆಂದೇ ಬೇರೆ ಸ್ವರದ ಮೇಲೆ ನಿಲ್ಲುತ್ತದೆ. ಅದರಿಂದಲೇ ಹಾಡಿಗೆ ಆ ತೇಲುವ ಗುಣ. ಇದನ್ನು ಕಟ್ಟಿದ ಬ್ರಯನ್ ವಿಲ್ಸನ್‌ಗೆ ಆಗ 23 ವರ್ಷ, ಬಲಗಿವಿ ಹೆಚ್ಚುಕಡಿಮೆ ಕೇಳಿಸುತ್ತಿರಲಿಲ್ಲ. ಆದ್ದರಿಂದ ಮೂಲ ಆಲ್ಬಮ್ ಮೊನೊ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು. ಮೊದಲು ಮೊನೊ ಆವೃತ್ತಿಯನ್ನೇ ಕೇಳಿ.

ವಾದ್ಯವೇ ಇಲ್ಲದ ಹಾರ್ಮನಿ ಬೇಕಾದರೆ ಬಲ್ಗೇರಿಯಾದ ಹೆಂಗಸರ ಗಾಯನ, 'ಲ ಮಿಸ್ಟೇರ್ ದೆ ವ್ವಾ ಬುಲ್ಗಾರ್'. 1975ರಲ್ಲಿ ಮೊದಲು ಬಂದು, 1986ರಲ್ಲಿ ಮರುಬಿಡುಗಡೆಯಾದ ಮೇಲೆ ಜಗತ್ತಿಗೆಲ್ಲ ತಿಳಿಯಿತು. ಷಡ್ಜ ಮತ್ತು ರಿಷಭವನ್ನು ಒಟ್ಟಿಗೆ ಹಿಡಿದು ನಿಲ್ಲುತ್ತಾರೆ, ತೆರೆದ ಗಂಟಲಿನಲ್ಲಿ. ಕೇಳಿ ಮೈ ಜುಮ್ಮೆನ್ನದಿದ್ದರೆ ಹೇಳಿ.

ಮಾತಿಗೂ ದನಿಗೂ ಪ್ರಾಶಸ್ತ್ಯ ಇರುವವು ಇನ್ನೊಂದು ಗುಂಪು. ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್', 1971. ವಿಯೆಟ್ನಾಂ ಯುದ್ಧದಿಂದ ಮರಳಿದ ತಮ್ಮನ ಅನುಭವ ಇದರ ಹಿಂದಿದೆ. ಮೋಟೌನ್ ಕಂಪನಿಯ ಮಾಲೀಕ ಬೆರ್ರಿ ಗಾರ್ಡಿಗೆ ಶೀರ್ಷಿಕೆ ಹಾಡು ಹಿಡಿಸಿರಲಿಲ್ಲ. ಅದನ್ನು ಬಿಡುಗಡೆ ಮಾಡುವವರೆಗೂ ಮುಂದೆ ಹಾಡುವುದಿಲ್ಲ ಅಂತ ಗೇ ಕೂತರು. ಹಾಡುಗಳು ಒಂದರೊಳಗೊಂದು ಹರಿಯುತ್ತವೆ, ಷಫಲ್ ಒತ್ತಿದರೆ ಎಲ್ಲ ಹಾಳು. ಜೇಮ್ಸ್ ಜೇಮರ್ಸನ್ ನುಡಿಸಿದ ಬಾಸ್ ಗಿಟಾರನ್ನೇ ಹಿಡಿದು ಒಮ್ಮೆ ಕೇಳಿ, ಅದೇ ಇನ್ನೊಂದು ಹಾಡು. ಜೋನಿ ಮಿಚೆಲ್ ಅವರ 'ಬ್ಲೂ' ಕೂಡ ಅದೇ ವರ್ಷದ್ದು. ಒಂಬತ್ತನೇ ವಯಸ್ಸಿನ ಪೋಲಿಯೊ ಅವರ ಎಡಗೈಯ ಬಲ ಕುಗ್ಗಿಸಿತ್ತು. ಮಾಮೂಲಿ ಕಾರ್ಡ್ ಹಿಡಿಯುವುದು ಕಷ್ಟವಾಗಿ, ತಂತಿಗಳನ್ನೇ ತಮಗೆ ಬೇಕಾದ ಹಾಗೆ ಶ್ರುತಿ ಮಾಡಿಕೊಂಡರು. ಬೇರೆ ಯಾರ ಗಿಟಾರಿನಲ್ಲೂ ಕೇಳದ ಆ ಬಣ್ಣ ಬಂದದ್ದು ಅಲ್ಲಿಂದ. ಇದನ್ನು ಸಾಹಿತ್ಯ ಓದಿಕೊಂಡೇ ಕೇಳಬೇಕು. ದನಿಯೊಂದೇ ಸಾಕು ಅನ್ನುವವರಿಗೆ ಅರೀಥಾ ಫ್ರಾಂಕ್ಲಿನ್ ಚರ್ಚಿನಲ್ಲಿ ಹಾಡಿದ 'ಅಮೇಜಿಂಗ್ ಗ್ರೇಸ್', 1972, ಮತ್ತು ನುಸ್ರತ್ ಫತೇ ಅಲಿ ಖಾನ್ ಅವರ 'ಶಹೆನ್‌ಶಾ', 1989.

ಹಿಪ್‌ಹಾಪ್‌ಗೆ ನಾಸ್ ಅವರ 'ಇಲ್‌ಮ್ಯಾಟಿಕ್', 1994. ಇಪ್ಪತ್ತರ ಹುಡುಗ, 40 ನಿಮಿಷಕ್ಕೂ ಕಡಿಮೆ, ಪೊಳ್ಳು ಒಂದೂ ಇಲ್ಲ. ಅರ್ಥ ಪೂರ್ತಿ ಆಗದಿದ್ದರೂ ಪರವಾಗಿಲ್ಲ. ಪ್ರಾಸ ಎಲ್ಲೆಲ್ಲಿ ಬೀಳುತ್ತದೆ ಅಂತ ಗಮನಿಸಿ. ಸಾಲಿನ ಕೊನೆಯಲ್ಲಿ ಮಾತ್ರ ಅಲ್ಲ, ನಡುವೆ, ಮುಂದಿನ ಸಾಲಿನ ತಲೆಯಲ್ಲಿ, ತಾಳಕ್ಕೆ ಸ್ವಲ್ಪ ಹಿಂದೆ. ಒಂದು ಹಾಡಿನ ಕೊನೆಗೆ ಕಾರ್ನೆಟ್ ಊದುವವರು ಅವರ ಅಪ್ಪ, ಜಾಜ್ ವಾದಕ ಓಲು ದಾರಾ. ಅದು ಹಿಡಿಸಿದರೆ ಕೆಂಡ್ರಿಕ್ ಲಮಾರ್ ಅವರ 'ಟು ಪಿಂಪ್ ಎ ಬಟರ್‌ಫ್ಲೈ', 2015. ಜಾಜ್ ಮತ್ತೆ ತಲೆ ಎತ್ತುತ್ತದೆ. ಉದ್ದ ಮಾತ್ರ ಜಾಸ್ತಿ, ಸುಮಾರು 80 ನಿಮಿಷ.

ಉದ್ದದ ಮಾತು ಬಂತಲ್ಲ, ಒಂದು ಸಂಗತಿ ಹೇಳಿಬಿಡುತ್ತೇನೆ. 1948ರಲ್ಲಿ ಕೊಲಂಬಿಯಾ ಕಂಪನಿ ತಂದ ಎಲ್‌ಪಿ ತಟ್ಟೆಯ ಒಂದು ಬದಿಯಲ್ಲಿ ಇಪ್ಪತ್ತು ಚಿಲ್ಲರೆ ನಿಮಿಷ ಹಿಡಿಯುತ್ತಿತ್ತು. ಹಳೆಯ ಆಲ್ಬಮ್‌ಗಳು 35ರಿಂದ 45 ನಿಮಿಷ ಇರುವುದು ಅದಕ್ಕೆ. ಮೊದಲ ಬದಿಗೆ ಒಂದು ಶುರು, ಒಂದು ಮುಗಿತಾಯ. ಎರಡನೇ ಬದಿಗೆ ಇನ್ನೊಂದು. 74 ನಿಮಿಷದ ಸಿಡಿ ಬಂದ ಮೇಲೆ ಎಷ್ಟೋ ಜನ ಜಾಗ ಇದೆಯಲ್ಲ ಅಂತ ತುಂಬಿಸಿದರು. ತೊಂಬತ್ತರ ದಶಕದ ಹಲವು ಆಲ್ಬಮ್‌ಗಳಿಗೆ ಕಾಲು ಗಂಟೆ ಕತ್ತರಿ ಹಾಕಿದರೆ ಏನೂ ನಷ್ಟವಿಲ್ಲ.

ರಾಕ್ ಕೊನೆಗೆ ಉಳಿಯಿತು, ಅದರ ಅಭಿಮಾನಿಗಳು ಕ್ಷಮಿಸಲಿ. ಅದರಲ್ಲೂ ಹೆವಿ ಮೆಟಲ್ ಎಲ್ಲಿ ಹುಟ್ಟಿತು ಅಂತ ಕೇಳಬೇಕಾದರೆ ಬ್ಲ್ಯಾಕ್ ಸಬತ್ ತಂಡದ ಅದೇ ಹೆಸರಿನ ಮೊದಲ ಆಲ್ಬಮ್, 1970. ವಾದ್ಯ ಮತ್ತು ಗಾಯನ ಒಂದೇ ದಿನದಲ್ಲಿ ಮುದ್ರಣವಾದವು. ಗಿಟಾರ್ ನುಡಿಸುವ ಟೋನಿ ಐಯೊಮಿ ಹದಿಹರೆಯದಲ್ಲಿ ಕಾರ್ಖಾನೆಯ ಅಪಘಾತದಲ್ಲಿ ಎರಡು ಬೆರಳ ತುದಿ ಕಳೆದುಕೊಂಡಿದ್ದರು. ಪ್ಲಾಸ್ಟಿಕ್ ಕರಗಿಸಿ ಟೋಪಿ ಮಾಡಿ ತೊಟ್ಟು ನುಡಿಸಿದರು. ಮಳೆ, ಗಂಟೆ ಸದ್ದಾದ ಮೇಲೆ ಬರುವ ಮೊದಲ ಮೂರು ಸ್ವರ ಗಮನಿಸಿ. ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿಮಧ್ಯಮ. ಕಲ್ಯಾಣಿಯಲ್ಲಿ ನಮಗೆ ಹಿತವಾಗಿರುವ ಅದೇ ಮಧ್ಯಮ ಇಲ್ಲಿ ಪಂಚಮದ ಆಸರೆ ಇಲ್ಲದೆ ಒಂಟಿಯಾಗಿ ನಿಂತು ಹೆದರಿಸುತ್ತದೆ.

ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್', 1973, ಅಮೆರಿಕದಲ್ಲಿ ಹೆಚ್ಚು ಮಾರಾಟವಾಗುವ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 700ಕ್ಕೂ ಹೆಚ್ಚು ವಾರ ಇತ್ತು. ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ಕತ್ತಲೆ ಕೋಣೆ, ಒಳ್ಳೆಯ ಹೆಡ್‌ಫೋನ್ ಇದ್ದರೆ ಚೆನ್ನ. 'ಮನಿ' ಹಾಡಿನಲ್ಲಿ ನಾಣ್ಯದ ಸದ್ದು ಏಳರ ಎಣಿಕೆಯಲ್ಲಿ ಬೀಳುತ್ತದೆ. ಗಿಟಾರ್ ಸೋಲೊ ಬಂದ ಕೂಡಲೇ ನಾಲ್ಕಕ್ಕೆ ಜಿಗಿಯುತ್ತದೆ. ತಾಳ ಹಾಕುತ್ತ ಕೂತವರ ಕೈ ಅಲ್ಲಿ ತಪ್ಪುವುದು ಖಂಡಿತ.

ಇನ್ನು ಉಳಿದ ಎರಡು ಪ್ರಶ್ನೆ. ಹಿಡಿಸದಿದ್ದರೂ ಪೂರ್ತಿ ಕೇಳಬೇಕಾ? ಮೊದಲ ಬದಿ ಕೇಳಿ, ಅಂದರೆ ಇಪ್ಪತ್ತು ನಿಮಿಷ. ಆಗಲೂ ಹಿಡಿಸದಿದ್ದರೆ ಬಿಡಿ, ಆರು ತಿಂಗಳು ಬಿಟ್ಟು ನೋಡಿದರಾಯಿತು. ರೈಕ್ ಮತ್ತು ಗೂಲ್ಡ್‌ಗೆ ಮಾತ್ರ ಈ ರಿಯಾಯಿತಿ ಇಲ್ಲ. ಅವು ಪೂರ್ತಿ ಕೇಳಿದಾಗಲೇ ಕೂಡುವ ಸಂಗೀತ.

ಆವೃತ್ತಿಯ ವಿಷಯಕ್ಕೆ ಬಂದರೆ, ಹಾಡಿನ ಸಂಖ್ಯೆ ಮೂಲದಷ್ಟೇ ಇರುವುದನ್ನು ಆರಿಸಿ. 'ಡಿಲಕ್ಸ್' ಅಂತ ಇದ್ದರೆ ಕೊನೆಗೆ ಹಳೆಯ ಟೇಕ್, ಬೇಡವಾಗಿ ಬಿಟ್ಟ ಹಾಡು ಸೇರಿಸಿರುತ್ತಾರೆ. 'ಕೈಂಡ್ ಆಫ್ ಬ್ಲೂ' ಮೂಲದಲ್ಲಿ ಐದೇ ಹಾಡು. ಆರನೆಯದು ಕಂಡರೆ ಅದು 'ಫ್ಲಮೆಂಕೊ ಸ್ಕೆಚಸ್'ನ ಇನ್ನೊಂದು ಟೇಕ್. ಚೆನ್ನಾಗಿದೆ, ಆದರೆ ಐದರ ನಂತರ ನಿಲ್ಲಿಸಿ. ಹಾಡುಗಳ ನಡುವೆ ಬಿಡುವು ಬರದಂತೆ ಆ್ಯಪ್‌ನಲ್ಲಿ 'ಗ್ಯಾಪ್‌ಲೆಸ್' ಅನ್ನುವ ಆಯ್ಕೆ ಹಾಕಿಕೊಳ್ಳಿ. ಮಾರ್ವಿನ್ ಗೇ, ಪಿಂಕ್ ಫ್ಲಾಯ್ಡ್‌ಗೆ ಅದು ಬೇಕೇ ಬೇಕು.

ಆಯ್ದ ಹಾಡುಗಳ ಸಂಕಲನವನ್ನು ಆಲ್ಬಮ್ ಅಂದುಕೊಂಡು ಮೋಸ ಹೋಗಬೇಡಿ. ಜಮೈಕಾದ ರೆಗೆ ಸಂಗೀತ ಅಂದ ಕೂಡಲೇ ಎಲ್ಲರೂ ಬಾಬ್ ಮಾರ್ಲಿಯ 'ಲೆಜೆಂಡ್' ಹೇಳುತ್ತಾರೆ. ಅದು ಮಾರ್ಲಿ ತೀರಿಹೋದ ಮೇಲೆ, 1984ರಲ್ಲಿ, ಬೇರೆಯವರು ಜೋಡಿಸಿದ್ದು. ಅದರ ಬದಲು 'ಎಕ್ಸೋಡಸ್' ಕೇಳಿ, 1977. ಮಾರ್ಲಿ ಮೇಲೆ ಗುಂಡಿನ ದಾಳಿ ನಡೆದ ಮರುವರ್ಷದ ಆಲ್ಬಮ್. ಮೊದಲ ಬದಿಯೆಲ್ಲ ಧರ್ಮ ಮತ್ತು ರಾಜಕೀಯ, ಎರಡನೇ ಬದಿಯಲ್ಲಿ ಪ್ರೀತಿ, ಕುಣಿತ. 'ಲೆಜೆಂಡ್'ನಲ್ಲಿ ಇದರ ಐದು ಹಾಡು ಸಿಗುತ್ತವೆ, ಆದರೆ ಎರಡು ಬದಿಯ ಈ ತಿರುವು ಸಿಗುವುದಿಲ್ಲ.